ಆಲ್ಪ್‌ಬಾಖ್: ಮೂರನೇ ದಿನ ಶುರುವಾಗುವ ಮಾತು

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ಆಲ್ಪ್‌ಬಾಖ್ ಅಂತ ಒಂದು ಹಳ್ಳಿ ಇದೆ. ಸಮುದ್ರಮಟ್ಟದಿಂದ ಸುಮಾರು 975 ಮೀಟರ್ ಎತ್ತರದಲ್ಲಿದೆ. ಜನ ಸುಮಾರು 2,500. ಮರದ ಮನೆಗಳು, ಬಾಲ್ಕನಿ ತುಂಬ ಹೂವಿನ ಕುಂಡಗಳು, ಒಂದು ಚರ್ಚು, ಸುತ್ತ ಹುಲ್ಲುಗಾವಲು, ಹಿಂದೆ 2,127 ಮೀಟರ್ ಎತ್ತರದ ವೀಡರ್ಸ್‌ಬರ್ಗರ್ ಹಾರ್ನ್ ಬೆಟ್ಟ. ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಅರ್ಧದಲ್ಲಿ ಈ ಪುಟ್ಟ ಊರಿಗೆ ನಾನಾ ದೇಶಗಳಿಂದ ಸಾವಿರಾರು ಜನ ಬರುತ್ತಾರೆ. ಭೌತಶಾಸ್ತ್ರದವರು, ವಕೀಲರು, ಡಾಕ್ಟರುಗಳು, ಅರ್ಥಶಾಸ್ತ್ರಜ್ಞರು, ಕಲಾವಿದರು, ಮಂತ್ರಿಗಳು, ಮತ್ತೆ ನೂರಾರು ವಿದ್ಯಾರ್ಥಿಗಳು. ಯುರೋಪಿಯನ್ ಫೋರಂ ಆಲ್ಪ್‌ಬಾಖ್ ಅಂತ ಇದರ ಹೆಸರು. 1945ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ.

ಈ ಸಭೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಗೆ ಬಂದ ದೊಡ್ಡವರ ಹೆಸರು ಹೇಳಿ ಮುಗಿಸುತ್ತಾರೆ. ಹೆಸರುಗಳು ನಿಜವಾಗಿಯೂ ದೊಡ್ಡವೇ, ನಾನೂ ಕೆಲವನ್ನು ಹೇಳುತ್ತೇನೆ. ಆದರೆ ನಾನು ವಿದ್ಯಾರ್ಥಿವೇತನ ಪಡೆದು ಅಲ್ಲಿ ಇದ್ದು ಬಂದವಳು. ಬೇರೆ ಬೇರೆ ವಿಷಯ ಓದಿದವರು ಒಟ್ಟಿಗೆ ಕೂತು ಮಾತಾಡೋದು ಅಲ್ಲಿ ಯಾಕೆ ಸಾಧ್ಯವಾಗುತ್ತದೆ, ಬೇರೆ ಕಡೆ ಯಾಕೆ ಆಗುವುದಿಲ್ಲ ಅನ್ನೋದನ್ನ ಹತ್ತಿರದಿಂದ ನೋಡಿದ್ದೇನೆ. ನನಗೆ ಕಂಡ ಕಾರಣ ಎರಡೇ. ಊರು ಚಿಕ್ಕದು. ಬಂದವರು ಹಲವು ದಿನ ಅಲ್ಲೇ ಉಳಿಯುತ್ತಾರೆ. ಇಷ್ಟು ಸರಳವಾದದ್ದನ್ನ ಕಾಪಾಡಿಕೊಳ್ಳೋದು ಎಷ್ಟು ಕಷ್ಟ ಅನ್ನೋದೇ ಈ ಬರಹದ ವಿಷಯ.

ಮೊದಲು ಸ್ವಲ್ಪ ಇತಿಹಾಸ. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದದ್ದು 1945ರ ಮೇ 8ಕ್ಕೆ. ಆಲ್ಪ್‌ಬಾಖ್‌ನ ಮೊದಲ ಸಭೆ ನಡೆದದ್ದು ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ. ಅಂದರೆ ನಾಲ್ಕು ತಿಂಗಳೂ ಆಗಿರಲಿಲ್ಲ! ಪಕ್ಕದ ದೊಡ್ಡ ಊರು ಇನ್ಸ್‌ಬ್ರುಕ್ ಮೇಲೆ ಬಾಂಬ್ ಬಿದ್ದಿತ್ತು. ಟಿರೋಲ್ ಫ್ರೆಂಚ್ ಸೈನ್ಯದ ಕೈಯಲ್ಲಿತ್ತು. ರೈಲು ಸರಿಯಾಗಿ ಓಡುತ್ತಿರಲಿಲ್ಲ, ಊಟಕ್ಕೆ ರೇಷನ್. ಅಂಥ ಹೊತ್ತಿನಲ್ಲಿ ಆಟ್ಟೋ ಮೋಲ್ಡನ್ ಅನ್ನೋ 27 ವರ್ಷದ ಯುವಕ ಮತ್ತು ಸಿಮೋನ್ ಮೋಸರ್ ಅನ್ನೋ ತತ್ವಶಾಸ್ತ್ರದ ಮೇಷ್ಟ್ರು ಸೇರಿ ಇಲ್ಲೊಂದು ಬೇಸಿಗೆ ವಿಶ್ವವಿದ್ಯಾಲಯ ನಡೆಸಿದರು. ಆಗ ಅದರ ಹೆಸರು ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ವಾರಗಳು ಅಂತಿತ್ತು. ಈಗಿನ ಹೆಸರು ಬಂದದ್ದು 1949ರಲ್ಲಿ.

ಮೋಲ್ಡನ್ ಸುಮ್ನೆ ಆಸಕ್ತಿಯಿಂದ ಸಭೆ ಕರೆದವರಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಇವರು ವಿರೋಧಿಸಿ ಜೈಲು ಕಂಡವರು. ತಮ್ಮ ಫ್ರಿಟ್ಸ್ ಮೋಲ್ಡನ್ ಜರ್ಮನ್ ಸೈನ್ಯದಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿಗೂ ಆಸ್ಟ್ರಿಯಾಕ್ಕೂ ನಡುವೆ ಗುಟ್ಟಾಗಿ ಸಂದೇಶ ಸಾಗಿಸುತ್ತಿದ್ದವರು. ತಾಯಿ ಪೌಲಾ ಫಾನ್ ಪ್ರೆರಾಡೋವಿಚ್ ಕವಿ, ಆಸ್ಟ್ರಿಯಾದ ಈಗಿನ ರಾಷ್ಟ್ರಗೀತೆಯ ಸಾಹಿತ್ಯ ಅವರದೇ. ಇಂಥ ಮನೆಯಿಂದ ಬಂದ ಹುಡುಗನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಏಳು ವರ್ಷ ಆ ದೇಶದ ವಿಶ್ವವಿದ್ಯಾಲಯಗಳು ಹೊರಗಿನ ಗಾಳಿ ಕಂಡಿರಲಿಲ್ಲ. ಯಹೂದಿ ಪ್ರಾಧ್ಯಾಪಕರನ್ನು ಓಡಿಸಿದ್ದರು. ಪ್ರಶ್ನೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಕಟ್ಟಡವನ್ನಾದರೆ ಎರಡು ಮೂರು ವರ್ಷದಲ್ಲಿ ಮತ್ತೆ ಕಟ್ಟಬಹುದು, ಆದರೆ ಅಪರಿಚಿತರ ಎದುರು ಕೂತು ಭಯವಿಲ್ಲದೆ 'ನೀವು ಹೇಳಿದ್ದು ನನಗೆ ಒಪ್ಪಿಗೆ ಇಲ್ಲ' ಅನ್ನುವ ಧೈರ್ಯವನ್ನ ಮತ್ತೆ ಕಲಿಸೋದು ಹೇಗೆ? ಅದಕ್ಕೆ ಜಾಗ ಬೇಕು, ಜನ ಬೇಕು, ಸಮಯ ಬೇಕು.

ಜಾಗ ಅಂತ ಸಿಕ್ಕಿದ್ದು ಈ ಹಳ್ಳಿ. ಆಲ್ಪ್‌ಬಾಖ್ ಮುಖ್ಯ ದಾರಿಯಲ್ಲಿ ಇಲ್ಲ. ಇನ್ ನದಿಯ ಕಣಿವೆಯಲ್ಲಿ ರೈಲು ಇಳಿದು, ಪಕ್ಕದ ಇನ್ನೊಂದು ಸಣ್ಣ ಕಣಿವೆಯೊಳಗೆ ಮೇಲಕ್ಕೆ ಹತ್ತಬೇಕು. ವಾಹನ ಹೋಗುವ ರಸ್ತೆ ಆದದ್ದೇ 1926ರಲ್ಲಿ. ಇವತ್ತಿಗೂ ಬ್ರಿಕ್ಸ್‌ಲೆಗ್ ಸ್ಟೇಷನ್ನಿನಿಂದ ಬಸ್ಸಿನಲ್ಲೇ ಹೋಗಬೇಕು. ಭಾಷಣ ಮುಗಿಸಿ ಅರ್ಧ ಗಂಟೆಯಲ್ಲಿ ವಿಮಾನ ಹತ್ತುತ್ತೇನೆ ಅಂದರೆ ಆಗುವುದಿಲ್ಲ. ಬಂದವರು ರಾತ್ರಿ ಉಳಿಯಲೇಬೇಕು. ಉಳಿದ ಮೇಲೆ ಬೆಳಿಗ್ಗೆ ಬ್ರೆಡ್ ತರಲು ಹೋದರೆ ಅಲ್ಲೊಬ್ಬ ನ್ಯಾಯಾಧೀಶರು ಸಿಗುತ್ತಾರೆ, ಚರ್ಚಿನ ಮುಂದೆ ಹಿಂದಿನ ದಿನ ನಿಮ್ಮ ಜೊತೆ ಜಗಳವಾಡಿದ ಅರ್ಥಶಾಸ್ತ್ರಜ್ಞ ಸಿಗುತ್ತಾರೆ, ಮಳೆ ಬಂತು ಅಂತ ಸೂರಿನ ಕೆಳಗೆ ನಿಂತರೆ ಪಕ್ಕದಲ್ಲಿ ನೀವು ಓದಿದ ಪಠ್ಯಪುಸ್ತಕ ಬರೆದವರೇ ನಿಂತಿರಬಹುದು. ಇರೋದೇ ಕೆಲವು ಬೀದಿ. ತಪ್ಪಿಸಿಕೊಳ್ಳೋದಕ್ಕೆ ಎಲ್ಲಿಗೆ ಹೋಗ್ತೀರಿ?

ಇದರಿಂದ ಏನಾಗುತ್ತದೆ ಅನ್ನೋದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 1948ರದ್ದು. ಆ ಬೇಸಿಗೆಯಲ್ಲಿ ಪಾಲ್ ಫಯರಾಬೆಂಡ್ ಅನ್ನೋ ವಿಯೆನ್ನಾದ ವಿದ್ಯಾರ್ಥಿ ಮೊದಲ ಸಲ ಆಲ್ಪ್‌ಬಾಖ್‌ಗೆ ಬಂದ. 24 ವರ್ಷ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಬೆನ್ನುಹುರಿಗೆ ಗುಂಡು ತಗುಲಿ, ಊರುಗೋಲು ಹಿಡಿದು ನಡೆಯುತ್ತಿದ್ದ. ಆಗ ಅವನಿಗೆ ಯಾವ ಹೆಸರೂ ಇರಲಿಲ್ಲ. ಅದೇ ಬೇಸಿಗೆ ಅಲ್ಲಿಗೆ ಕಾರ್ಲ್ ಪಾಪರ್ ಬಂದಿದ್ದರು. ವಿಜ್ಞಾನ ಅಂದರೆ ಏನು ಅನ್ನೋ ಪ್ರಶ್ನೆಗೆ, ತಪ್ಪು ಅಂತ ತೋರಿಸಲು ಅವಕಾಶ ಇರುವಂಥ ಮಾತು ವಿಜ್ಞಾನದ ಮಾತು ಅಂತ ಉತ್ತರ ಕೊಟ್ಟವರು ಅವರು. ಇಬ್ಬರ ಪರಿಚಯ ಶುರುವಾದದ್ದು ಈ ಹಳ್ಳಿಯಲ್ಲಿ. ಮುಂದೆ 1952ರಲ್ಲಿ ಫಯರಾಬೆಂಡ್ ಲಂಡನ್ನಿಗೆ ಹೋಗಿ ಪಾಪರ್ ಹತ್ತಿರವೇ ಓದಿದ. ಆಮೇಲೆ ಅವರ ಬಲವಾದ ಟೀಕಾಕಾರನೂ ಆದ. 1975ರಲ್ಲಿ ಬಂದ ಅವನ ಹೆಸರಾಂತ ಪುಸ್ತಕದ ವಾದ, ವಿಜ್ಞಾನಕ್ಕೆ ಒಂದೇ ಒಂದು ವಿಧಾನ ಅಂತ ಇಲ್ಲವೇ ಇಲ್ಲ ಅನ್ನೋದು. ಈ ಜಗಳವನ್ನ ಇವತ್ತಿಗೂ ವಿಜ್ಞಾನದ ತತ್ವಶಾಸ್ತ್ರ ಓದುವ ಪ್ರತಿಯೊಬ್ಬರೂ ಓದುತ್ತಾರೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸೋದು ವಯಸ್ಸಿನ ಅಂತರ. ಪಾಪರ್‌ಗೆ ಆಗ 46. ಲಂಡನ್ನಿನಲ್ಲಿ ಪಾಠ ಮಾಡುತ್ತಿದ್ದವರು, ಹೆಸರು ಮಾಡಿದವರು. ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಊರುಗೋಲು ಹಿಡಿದ ಹುಡುಗ ಅವರ ಕೋಣೆ ಬಾಗಿಲು ತಟ್ಟಿ ಗಂಟೆಗಟ್ಟಲೆ ವಾದ ಮಾಡೋಕೆ ಆಗ್ತಿತ್ತಾ? ಅಪಾಯಿಂಟ್‌ಮೆಂಟ್ ಬೇಕು, ಶಿಫಾರಸು ಬೇಕು, ಮಾತು ಮುಗಿಸಲು ಗಡಿಯಾರ ನೋಡಬೇಕು. ಹಳ್ಳಿಯಲ್ಲಿ ಅದು ಯಾವುದೂ ಇಲ್ಲ. ಫಯರಾಬೆಂಡ್ ಆಮೇಲೆಯೂ ವರ್ಷ ವರ್ಷ ಅಲ್ಲಿಗೆ ಬರುತ್ತಲೇ ಇದ್ದ, ಮೊದಲು ಸಭೆಯ ಕೆಲಸ ನೋಡಿಕೊಳ್ಳುವವನಾಗಿ, ಕೊನೆಗೆ ಪಾಠ ಹೇಳುವವನಾಗಿ.

ಈಗ ಎರ್ವಿನ್ ಶ್ರೋಡಿಂಗರ್ ಬಗ್ಗೆ ಹೇಳಬೇಕು, ಯಾಕಂದ್ರೆ ಅವರ ಸಮಾಧಿ ಇರೋದೇ ಆಲ್ಪ್‌ಬಾಖ್‌ನ ಚರ್ಚಿನ ಅಂಗಳದಲ್ಲಿ. ಕ್ವಾಂಟಮ್ ಭೌತಶಾಸ್ತ್ರದ ತರಂಗ ಸಮೀಕರಣ ಬರೆದವರು, 1933ರಲ್ಲಿ ನೊಬೆಲ್ ಪಡೆದವರು. ನಾಜಿಗಳಿಂದ ತಪ್ಪಿಸಿಕೊಂಡು ಡಬ್ಲಿನ್‌ನಲ್ಲಿ ಬಹಳ ವರ್ಷ ಇದ್ದು 1956ರಲ್ಲಿ ಆಸ್ಟ್ರಿಯಾಕ್ಕೆ ವಾಪಸ್ ಬಂದರು. ಆಲ್ಪ್‌ಬಾಖ್ ಅವರ ಪ್ರೀತಿಯ ಊರಾಯಿತು. 1961ರ ಜನವರಿ 4ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ಅವರನ್ನು ಇಲ್ಲಿಗೇ ತಂದರು. ಅವರು ಚರ್ಚಿಗೆ ನಡೆದುಕೊಳ್ಳುವ ಕ್ಯಾಥೊಲಿಕ್ ಆಗಿರಲಿಲ್ಲ, ಹಾಗಾಗಿ ಅಂಗಳದಲ್ಲಿ ಜಾಗ ಕೊಡಲು ಪಾದ್ರಿ ಹಿಂದೆಮುಂದೆ ನೋಡಿದರಂತೆ, ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರು ಅಂತ ಗೊತ್ತಾದ ಮೇಲೆ ಒಪ್ಪಿದರಂತೆ. ಸಮಾಧಿಯ ಮೇಲೆ ಕಬ್ಬಿಣದ ಶಿಲುಬೆ, ಅದರಲ್ಲಿ ಒಂದು ದುಂಡು ಫಲಕ, ಫಲಕದ ಮೇಲೆ ಅವರ ಸಮೀಕರಣ. ಯೂರೋ ಬರುವ ಮೊದಲು ಆಸ್ಟ್ರಿಯಾದ 1000 ಶಿಲ್ಲಿಂಗ್ ನೋಟಿನ ಮೇಲೂ ಇವರ ಮುಖ ಇತ್ತು.

ಆದರೆ ಶ್ರೋಡಿಂಗರ್ ಇಲ್ಲಿ ನನಗೆ ಬೇಕಾಗಿರೋದು ಸಮಾಧಿಗಾಗಿ ಅಲ್ಲ. 1943ರಲ್ಲಿ ಡಬ್ಲಿನ್‌ನಲ್ಲಿ ಅವರು ಜೀವ ಅಂದರೆ ಏನು ಅಂತ ಸಾರ್ವಜನಿಕ ಉಪನ್ಯಾಸಗಳನ್ನು ಕೊಟ್ಟರು. ಮರುವರ್ಷ ಅದು 'ವಾಟ್ ಈಸ್ ಲೈಫ್?' ಅನ್ನೋ ಪುಟ್ಟ ಪುಸ್ತಕವಾಗಿ ಬಂತು. ಒಬ್ಬ ಭೌತಶಾಸ್ತ್ರಜ್ಞ ಜೀವಶಾಸ್ತ್ರದ ಬಗ್ಗೆ ಬರೆದದ್ದು. ಅದರ ಮುನ್ನುಡಿಯಲ್ಲಿ ಅವರು ಹೇಳುವ ಮಾತಿನ ಸಾರ ಇದು: ಜ್ಞಾನ ಎಷ್ಟು ಬೆಳೆದಿದೆ ಅಂದರೆ ಒಬ್ಬನಿಗೆ ಒಂದು ಸಣ್ಣ ಮೂಲೆಗಿಂತ ಜಾಸ್ತಿ ಪೂರ್ತಿ ತಿಳಿಯಲು ಆಗುವುದಿಲ್ಲ, ಹೀಗೇ ಬಿಟ್ಟರೆ ಎಲ್ಲವನ್ನೂ ಸೇರಿಸಿ ನೋಡುವವರೇ ಇರುವುದಿಲ್ಲ, ಆದ್ದರಿಂದ ಕೆಲವರಾದರೂ ಅರೆಬರೆ ತಿಳಿದುಕೊಂಡೇ, ದಡ್ಡರು ಅನ್ನಿಸಿಕೊಳ್ಳುವ ಅಪಾಯವನ್ನು ತೆಗೆದುಕೊಂಡೇ, ಆ ಕೆಲಸಕ್ಕೆ ಇಳಿಯಬೇಕು. ಡಿಎನ್‌ಎ ರಚನೆಯನ್ನು 1953ರಲ್ಲಿ ಪ್ರಕಟಿಸಿದ ವಾಟ್ಸನ್ ಮತ್ತು ಕ್ರಿಕ್ ಇಬ್ಬರೂ ಈ ಪುಸ್ತಕದ ಋಣವನ್ನು ಹೇಳಿಕೊಂಡಿದ್ದಾರೆ. ಆ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿರಲಿಲ್ಲ. ಆದರೂ ಕೆಲಸ ಮಾಡಿತು, ಯಾಕಂದ್ರೆ ಪ್ರಶ್ನೆ ಸರಿಯಾಗಿತ್ತು. ಅದೇ ಪುಸ್ತಕದ ಕೊನೆಯಲ್ಲಿ ಅವರು ಉಪನಿಷತ್ತುಗಳ ಬಗ್ಗೆಯೂ, ಆತ್ಮ ಬ್ರಹ್ಮ ಒಂದೇ ಅನ್ನುವುದರ ಬಗ್ಗೆಯೂ ಬರೆಯುತ್ತಾರೆ. ನಮ್ಮಲ್ಲಿ ಅದನ್ನಷ್ಟೇ ಎತ್ತಿಕೊಂಡು ಹೆಮ್ಮೆ ಪಡುವವರು ಜಾಸ್ತಿ. ನನಗೆ ಆ ಮುನ್ನುಡಿಯೇ ದೊಡ್ಡದು ಅನ್ನಿಸುತ್ತದೆ.

ದಡ್ಡರು ಅನ್ನಿಸಿಕೊಳ್ಳುವ ಅಪಾಯ. ಇದು ಎರಡು ದಿನದ ಕಾನ್ಫರೆನ್ಸಿನಲ್ಲಿ ಯಾರೂ ತೆಗೆದುಕೊಳ್ಳದ ಅಪಾಯ. ಮೊದಲ ದಿನ ಎಲ್ಲರೂ ತಮ್ಮ ಕೆಲಸದ ಪರಿಚಯ ಹೇಳುತ್ತಾರೆ. ಎರಡನೇ ದಿನ ತಮಗೆ ಗೊತ್ತಿರುವ ಜಾಗದಲ್ಲೇ ನಿಂತು ಇನ್ನೊಬ್ಬರ ಬಗ್ಗೆ ಒಳ್ಳೇ ಮಾತಾಡುತ್ತಾರೆ. ಎಷ್ಟು ಸೊಗಸಾಗಿ ಹೇಳಿದಿರಿ, ನಮ್ಮ ಕ್ಷೇತ್ರದಲ್ಲೂ ಹೀಗೇ ಅಂತ. ಆಮೇಲೆ ಬ್ಯಾಗ್ ಹಿಡಿದು ಹೊರಡುತ್ತಾರೆ. ಅಷ್ಟರಲ್ಲಿ ಯಾರಿಗೂ ಯಾರದ್ದೂ ಅರ್ಥ ಆಗಿರುವುದಿಲ್ಲ. ಆಲ್ಪ್‌ಬಾಖ್‌ನ ಸೆಮಿನಾರುಗಳು ಹಾಗಲ್ಲ. ಅದೇ ಗುಂಪು, ಅದೇ ಕೋಣೆ, ಬೆಳಿಗ್ಗೆ ಬೆಳಿಗ್ಗೆ ದಿನವೂ ಕೂರಬೇಕು. ಪಾಠ ಹೇಳುವವರು ಸಾಮಾನ್ಯವಾಗಿ ಬೇರೆ ಬೇರೆ ವಿಷಯದ ಇಬ್ಬರು. ಮೂರನೇ ದಿನದ ಹೊತ್ತಿಗೆ ಮರ್ಯಾದೆಯ ಮಾತು ಖಾಲಿಯಾಗುತ್ತದೆ. ಆಗ ಯಾರೋ ಒಬ್ಬರು, 'ಕ್ಷಮಿಸಿ, ಮೊದಲ ದಿನದಿಂದ ನೀವು ಹೇಳುತ್ತಿರೋದು ನನಗೆ ಅರ್ಥವೇ ಆಗಿಲ್ಲ, ಮತ್ತೆ ಮೊದಲಿನಿಂದ ಹೇಳ್ತೀರಾ?' ಅಂತಾರೆ. ಅಲ್ಲಿಂದ ನಿಜವಾದ ಮಾತು ಶುರು.

ನನ್ನ ಅನುಭವವನ್ನೇ ಹೇಳುತ್ತೇನೆ, ಯಾಕಂದ್ರೆ ಇದು ಹೇಗೆ ನಡೆಯುತ್ತದೆ ಅಂತ ಉದಾಹರಣೆ ಇಲ್ಲದೆ ಗೊತ್ತಾಗಲ್ಲ. ನಾನು ಓದಿದ್ದು ನೀರಿನ ವಿಷಯ. ನೆರೆ ಎಷ್ಟು ಎತ್ತರಕ್ಕೆ ಬರಬಹುದು ಅಂತ ಲೆಕ್ಕ ಹಾಕಿ ನಕ್ಷೆ ಮಾಡೋದು ನನ್ನ ಕೆಲಸ. ನಮ್ಮ ಗುಂಪಿನಲ್ಲಿ ಕಾನೂನು ಓದಿದವರು, ವಾಸ್ತುಶಿಲ್ಪಿ ಒಬ್ಬಳು, ವಿಮೆಯ ಲೆಕ್ಕ ಗೊತ್ತಿದ್ದವನೊಬ್ಬ, ತತ್ವಶಾಸ್ತ್ರದ ಹುಡುಗಿ ಒಬ್ಬಳು ಇದ್ದರು. ವಿಷಯ ಅಪಾಯ. ಅಪಾಯವನ್ನ ಯಾರು ಅಳೆಯೋದು, ಯಾರು ಹೊರೋದು.

ನಾವು ನೀರಿನವರು 'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಅಂತ ಒಂದು ಮಾತು ಬಳಸುತ್ತೇವೆ. ಅದರ ಅರ್ಥ, ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ಶೇಕಡ 1. ಈ ವರ್ಷ ಬಂದರೆ ಇನ್ನು 99 ವರ್ಷ ನಿಶ್ಚಿಂತೆ ಅಂತ ಅಲ್ಲ, ಮುಂದಿನ ವರ್ಷವೂ ಅದೇ ಶೇಕಡ 1. ವಿಮೆಯವನು ತಕ್ಷಣ ಲೆಕ್ಕ ಹಾಕಿದ. 30 ವರ್ಷದ ಸಾಲ ಮಾಡಿ ಮನೆ ಕಟ್ಟಿದವನಿಗೆ, ಸಾಲ ತೀರುವುದರೊಳಗೆ ಒಮ್ಮೆಯಾದರೂ ಆ ನೆರೆ ನೋಡುವ ಸಾಧ್ಯತೆ ಶೇಕಡ 26. ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಇದು ನನಗೆ ಗೊತ್ತಿದ್ದ ಲೆಕ್ಕವೇ. ಆದರೆ ಕಾನೂನಿನವರ ಮುಖ ಬದಲಾಯಿತು. ಅವರಿಗೆ ನಕ್ಷೆ ಅಂದರೆ ಗೆರೆ. ಗೆರೆಯ ಈಚೆ ಮನೆ ಕಟ್ಟಬಹುದು, ಆಚೆ ಕಟ್ಟಬಾರದು, ಅಷ್ಟೇ. ಆ ಗೆರೆಯ ಒಳಗೆ ಒಂದು ಸಂಭವನೀಯತೆ ಅಡಗಿದೆ ಅಂತ ಕೋರ್ಟಿನಲ್ಲಿ ಯಾರೂ ನೋಡಲ್ಲ ಅಂದರು ಒಬ್ಬರು.

ಟಿರೋಲ್‌ನಲ್ಲಿ ಇದು ಪುಸ್ತಕದ ವಿಷಯ ಅಲ್ಲ. ಬೆಟ್ಟದ ಹಳ್ಳಗಳು ಮಳೆಗಾಲದಲ್ಲಿ ಕಲ್ಲು ಮಣ್ಣು ಹೊತ್ತು ಇಳಿಯುತ್ತವೆ, ಚಳಿಗಾಲದಲ್ಲಿ ಹಿಮ ಕುಸಿಯುತ್ತದೆ. ಇದನ್ನ ನೋಡಿಕೊಳ್ಳಲು ಆಸ್ಟ್ರಿಯಾದಲ್ಲಿ 1884ರಿಂದ ಸರ್ಕಾರದ ಪ್ರತ್ಯೇಕ ಇಲಾಖೆಯೇ ಇದೆ. ಅವರು ಪ್ರತಿ ಊರಿಗೂ ಅಪಾಯ ವಲಯದ ನಕ್ಷೆ ಮಾಡುತ್ತಾರೆ. ಕೆಂಪು ವಲಯದಲ್ಲಿ ಜನ ವಾಸಿಸುವ ಕಟ್ಟಡ ಬೇಡ, ಹಳದಿಯಲ್ಲಾದರೆ ಷರತ್ತಿನ ಮೇಲೆ. ಬೆಟ್ಟದ ಹಳ್ಳಗಳಿಗೆ ಅವರು ಲೆಕ್ಕಕ್ಕೆ ಹಿಡಿಯುವುದು 150 ವರ್ಷಕ್ಕೊಮ್ಮೆ ಬರುವ ಘಟನೆ.

ತತ್ವಶಾಸ್ತ್ರದ ಹುಡುಗಿ ಅಷ್ಟು ಹೊತ್ತು ಸುಮ್ಮನಿದ್ದವಳು ಆಗ ಕೇಳಿದಳು: '150 ಯಾಕೆ?'

ನಾನು ದತ್ತಾಂಶ, ನದಿಯ ದಾಖಲೆ, ಅಂಕಿಅಂಶದ ವಿಧಾನ ಅಂತ ಉತ್ತರ ಶುರು ಮಾಡಿದೆ. ಅವಳು ಕೇಳಿದ್ದು ಅದಲ್ಲ. 150 ವರ್ಷದ ನೆರೆ ಎಷ್ಟು ಎತ್ತರ ಅಂತ ನೀನು ಲೆಕ್ಕ ಹಾಕ್ತೀಯ, ಸರಿ. ಆದರೆ 150 ಸಾಕು ಅಂತ ಯಾರು ಹೇಳಿದ್ದು? ಸ್ವಿಟ್ಜರ್ಲೆಂಡಿನವರು 30, 100, 300 ಅಂತ ಮೂರು ಹಂತ ನೋಡುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 1953ರ ಸಮುದ್ರದ ನೆರೆಗೆ 1,836 ಜನ ಸತ್ತ ಮೇಲೆ, ದೇಶದ ಪಶ್ಚಿಮದ, ಜನ ಹೆಚ್ಚಿರುವ ಭಾಗದ ಒಡ್ಡುಗಳನ್ನು 10,000 ವರ್ಷಕ್ಕೊಮ್ಮೆ ಬರುವಂಥ ಅಲೆಗೆ ತಡೆಯುವ ಹಾಗೆ ಕಟ್ಟಬೇಕು ಅಂತ ತೀರ್ಮಾನ ಮಾಡಿದರು. ಈ ಸಂಖ್ಯೆಗಳು ನದಿಯಲ್ಲಿ ಸಿಗುವುದಿಲ್ಲ. ಎಷ್ಟು ಅಪಾಯ ಸಹಿಸಬಹುದು, ಅದಕ್ಕೆ ಎಷ್ಟು ದುಡ್ಡು ಹಾಕಬಹುದು ಅಂತ ಜನ ಸೇರಿ ಮಾಡಿದ ಆಯ್ಕೆಗಳು ಅವು. ನನ್ನ ಲೆಕ್ಕದ ಮೊದಲ ಸಾಲಿನಲ್ಲೇ ಒಂದು ರಾಜಕೀಯ ತೀರ್ಮಾನ ಕೂತಿದೆ, ಅದರ ಕೆಳಗೆ ಉಳಿದದ್ದೆಲ್ಲ ಗಣಿತ. ನನ್ನ ವಿಭಾಗದಲ್ಲಿ ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೆ ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ, ಯಾಕಂದ್ರೆ ಕೋಣೆಯಲ್ಲಿ ಇದ್ದವರೆಲ್ಲ ನೀರಿನವರೇ.

ಅವತ್ತು ಸಂಜೆ ಆ ಚರ್ಚೆ ಊಟದ ಮೇಜಿಗೂ ಬಂತು. ಅಲ್ಲಿಂದ ನಡೆಯುತ್ತಾ ಊರ ಹೊರಗಿನ ದಾರಿಗೂ ಬಂತು. ವಾಸ್ತುಶಿಲ್ಪಿ ಹಳೇ ಹೊಲಮನೆಗಳು ಎಲ್ಲಿ ಕೂತಿವೆ ಅಂತ ಕೈ ತೋರಿಸುತ್ತಿದ್ದಳು. ಹಿಮ ಕುಸಿಯುವ ಓಣಿಯನ್ನು ಬಿಟ್ಟು, ಹಳ್ಳದ ಬಾಯಿಯನ್ನು ಬಿಟ್ಟು, ಏಣಿನ ಮೇಲೆ. ನಕ್ಷೆ ಇಲ್ಲದ ಕಾಲದಲ್ಲಿ ಜನ ಹಾಗೆ ಜಾಗ ಆರಿಸಿದ್ದರು. ಮರುದಿನ ಬೆಳಿಗ್ಗೆ ನಾವು ಪ್ರಶ್ನೆಯನ್ನೇ ಬದಲಾಯಿಸಿ ಕೂತೆವು: ನಕ್ಷೆಯ ಮೇಲೆ ಗೆರೆಯ ಜೊತೆಗೆ ಆ 30 ವರ್ಷದ ಲೆಕ್ಕವನ್ನೂ ಬರೆದರೆ ಮನೆ ಕೊಳ್ಳುವವರು ಏನು ಮಾಡುತ್ತಾರೆ, ಬ್ಯಾಂಕು ಏನು ಮಾಡುತ್ತದೆ, ಗೆರೆಯ ಹತ್ತಿರ ಈಗಾಗಲೇ ಇರುವ ಮುದುಕರ ಮನೆಯ ಬೆಲೆ ಏನಾಗುತ್ತದೆ? ಕೊನೆಯ ಪ್ರಶ್ನೆ ವಿಮೆಯವನದ್ದು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ, ಆದರೆ ಆ ಪ್ರಶ್ನೆ ಇಲ್ಲದೆ ನಕ್ಷೆ ಮಾಡೋದು ಸರಿಯಲ್ಲ ಅಂತ ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ.

ಇದು ಮೂರನೇ, ನಾಲ್ಕನೇ ದಿನದ ಮಾತು. ಮೊದಲ ದಿನ ಅವಳು '150 ಯಾಕೆ' ಅಂತ ಕೇಳಿದ್ದರೆ ನಾನು ಒಂದು ಸ್ಲೈಡ್ ತೋರಿಸಿ ಮುಂದೆ ಹೋಗುತ್ತಿದ್ದೆ, ಅವಳೂ ತಲೆ ಆಡಿಸಿ ಸುಮ್ಮನಾಗುತ್ತಿದ್ದಳು.

ಬೆಳಿಗ್ಗೆಯ ಸೆಮಿನಾರು ಬಿಟ್ಟು ಉಳಿದದ್ದೂ ಇರುತ್ತದೆ. ನಾನು ಹೋಗಿದ್ದಾಗ ತಂತ್ರಜ್ಞಾನ, ಆರೋಗ್ಯ, ಕಾನೂನು, ಹಣಕಾಸು, ರಾಜಕೀಯ ಅಂತ ದೊಡ್ಡ ವೇದಿಕೆಯ ಚರ್ಚೆಗಳಿದ್ದವು. ಸಂಜೆ ವಿದ್ಯಾರ್ಥಿಗಳಿಗೆ ಹಿರಿಯರ ಜೊತೆ ಸಣ್ಣ ಗುಂಪಿನ ಮಾತುಕತೆ. ವೇದಿಕೆಯ ಚರ್ಚೆಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ, ಅಂಥವು ಎಲ್ಲ ಊರಲ್ಲೂ ನಡೆಯುತ್ತವೆ. ಸಂಜೆಯ ಗುಂಪುಗಳು ಚೆನ್ನ, ಯಾಕಂದ್ರೆ ಮೈಕ್ ಇಲ್ಲದಾಗ ದೊಡ್ಡವರು ಬೇರೆ ಥರ ಮಾತಾಡುತ್ತಾರೆ.

ಈ ಊರಿನಲ್ಲಿ ಇಂಥ ಮಾತಿಗೆ ಎಷ್ಟು ಬಲ ಇದೆ ಅನ್ನೋದಕ್ಕೆ ಇನ್ನೊಂದು ಕಥೆ ಇದೆ, ಇದು ಫೋರಂನದ್ದಲ್ಲ. ಲೇಖಕ ಆರ್ಥರ್ ಕೋಸ್ಲರ್ ಆಲ್ಪ್‌ಬಾಖ್‌ನಲ್ಲಿ ಒಂದು ಮನೆ ಮಾಡಿಕೊಂಡಿದ್ದರು. 1968ರಲ್ಲಿ ಅವರು ಬೇರೆ ಬೇರೆ ವಿಷಯದ ಕೆಲವೇ ಜನರನ್ನು ಇದೇ ಹಳ್ಳಿಗೆ ಕರೆದರು. ಮಕ್ಕಳ ಮನಸ್ಸನ್ನು ಓದಿದ ಪಿಯಾಜೆ, ನಾಜಿ ಶಿಬಿರದಿಂದ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕಲ್, ಅರ್ಥಶಾಸ್ತ್ರದ ಹಯೆಕ್, ಜೀವಶಾಸ್ತ್ರದ ವ್ಯಾಡಿಂಗ್ಟನ್ ಮತ್ತು ಬೆರ್ಟಲಾನ್ಫಿ, ಹೀಗೆ. ಬಿಡಿಬಿಡಿ ಭಾಗಗಳನ್ನು ಅರ್ಥ ಮಾಡಿಕೊಂಡರೆ ಇಡೀ ವಸ್ತು ಅರ್ಥವಾದ ಹಾಗೇನಾ ಅನ್ನೋದು ಅವರ ಪ್ರಶ್ನೆ. ಮರುವರ್ಷ ಆ ಮಾತುಕತೆ ಪುಸ್ತಕವಾಯಿತು. ಅದರಲ್ಲಿ ನನಗೆ ಇಷ್ಟವಾಗೋದು ಪ್ರಬಂಧಗಳ ಜೊತೆಗೆ ಚರ್ಚೆಯನ್ನೂ ಅಚ್ಚು ಹಾಕಿರೋದು. ಯಾರು ಯಾರನ್ನು ಎಲ್ಲಿ ತಡೆದರು ಅಂತ ಗೊತ್ತಾಗುತ್ತದೆ. ಇವತ್ತಿನ ಸಭೆಗಳ ವರದಿಯಲ್ಲಿ ಆ ಭಾಗವನ್ನೇ ಬಿಟ್ಟಿರುತ್ತಾರೆ.

ಊರಿನವರ ಬಗ್ಗೆಯೂ ಹೇಳಬೇಕು. ಸಭೆಗೆ ಬಂದವರು ಊರನ್ನು ಹೊಗಳಿ ಹೋಗುತ್ತಾರೆ, ಆದರೆ ಆ ಚೆಲುವು ತಾನಾಗಿ ಉಳಿದದ್ದಲ್ಲ. 1953ರಲ್ಲೇ ಹಳ್ಳಿ ಒಂದು ನಿಯಮ ಮಾಡಿಕೊಂಡಿತು. ಹೊಸ ಮನೆ ಕಟ್ಟುವವರೂ ಹಳೇ ರೀತಿಯಲ್ಲೇ, ಮೇಲಿನ ಮಹಡಿ ಮರದಲ್ಲೇ ಕಟ್ಟಬೇಕು. ಆಲ್ಪ್ಸ್‌ನ ಎಷ್ಟೋ ಊರುಗಳು ಸ್ಕೀ ಹೋಟೆಲುಗಳ ಕಾಂಕ್ರೀಟಿನಲ್ಲಿ ಮುಳುಗಿಹೋದ ಕಾಲದಲ್ಲಿ ಇವರು ಹಟ ಹಿಡಿದು ಉಳಿಸಿಕೊಂಡರು. 1975ರಲ್ಲಿ ಆಸ್ಟ್ರಿಯಾದ ಅತಿ ಸುಂದರ ಹಳ್ಳಿ ಅನ್ನೋ ಮಾನ್ಯತೆ ಬಂತು. 1999ರಲ್ಲಿ ದೊಡ್ಡ ಸಭಾಭವನ ಕಟ್ಟುವಾಗ ಅದರ ಬಹುಭಾಗವನ್ನು ಇಳಿಜಾರಿನ ಮಣ್ಣಿನೊಳಗೆ ಇಟ್ಟು, ಗಾಜಿನಿಂದ ಬೆಳಕು ಇಳಿಸಿದರು. ಮೇಲಿನಿಂದ ನೋಡಿದರೆ ಅಷ್ಟು ದೊಡ್ಡ ಭವನ ಇದೆ ಅಂತ ಗೊತ್ತೇ ಆಗಲ್ಲ. ಇದು ತುಂಬ ಒಳ್ಳೇ ತೀರ್ಮಾನ ಅಂತ ನನ್ನ ಅಭಿಪ್ರಾಯ. ಭವನ ಊರಿಗಿಂತ ಎತ್ತರವಾಗಿದ್ದಿದ್ದರೆ ಜನ ಭವನದಲ್ಲೇ ಇದ್ದುಬಿಡುತ್ತಿದ್ದರು, ಬೀದಿಗೆ ಬರುತ್ತಿರಲಿಲ್ಲ.

ಇನ್ನು ನನ್ನ ಆತಂಕಕ್ಕೆ ಬರುತ್ತೇನೆ. ಸಭೆ ಬೆಳೆದಿದೆ. ಬೆಳೆದದ್ದು ಒಳ್ಳೇದೇ, ಮೊದಲ ದಶಕಗಳ ಪಟ್ಟಿ ನೋಡಿದರೆ ಬಹುಪಾಲು ಗಂಡಸರು, ಬಹುಪಾಲು ಪಶ್ಚಿಮ ಯುರೋಪಿನವರು. ಈಗ ಹಾಗಿಲ್ಲ. ಇಂಗ್ಲಿಷಿನಲ್ಲೇ ಜಾಸ್ತಿ ನಡೆಯೋದರಿಂದ ಜರ್ಮನ್ ಬಾರದ ನನ್ನಂಥವರೂ ಹೋಗಬಹುದು. ಯುರೋಪಿನ ಹಲವು ದೇಶಗಳಲ್ಲಿ ಹಳೇ ವಿದ್ಯಾರ್ಥಿಗಳು ಸೇರಿ ಕಟ್ಟಿದ ಕ್ಲಬ್ಬುಗಳಿವೆ, ಅವರೇ ದುಡ್ಡು ಹೊಂದಿಸಿ ಹೊಸಬರಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಇದನ್ನ ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಬೆಳೆದಂತೆ ಕಾರ್ಯಕ್ರಮವನ್ನ ತುಂಡು ತುಂಡಾಗಿ ಹಂಚಬೇಕಾಗುತ್ತದೆ. ನಾನು ಹೋಗಿದ್ದಾಗ ತಂತ್ರಜ್ಞಾನದವರು ತಮ್ಮ ದಿನಗಳಿಗೆ ಬಂದು ಹೋಗುತ್ತಿದ್ದರು, ಹಣಕಾಸಿನವರು ತಮ್ಮದಕ್ಕೆ. ಒಬ್ಬರು ಹೊರಡುವ ಬಸ್ಸಿನಲ್ಲೇ ಇನ್ನೊಬ್ಬರು ಇಳಿಯುತ್ತಿದ್ದರು. ಹಾಗಾದರೆ ಬೇರೆ ಬೇರೆಯವರು ಸೇರಿದ್ದು ಎಲ್ಲಿ? ಮಂತ್ರಿಗಳು, ಕಂಪನಿ ಮುಖ್ಯಸ್ಥರು ಬಂದಾಗ ಜೊತೆಗೆ ಪೊಲೀಸರು, ಕ್ಯಾಮೆರಾ, ಹೆಸರಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುವವರು ಬರುತ್ತಾರೆ. ಅವರು ಒಂದು ರಾತ್ರಿ ಇರುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ದುಡ್ಡು ಕೊಡುವವರಿಗೆ ಅವರು ಬೇಕು, ಪತ್ರಿಕೆಗೂ ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೆ ಅಂಥವರಿಗೆ ಒಂದು ಷರತ್ತು ಹಾಕಬಹುದು ಅಂತ ನನ್ನ ಗಟ್ಟಿ ನಂಬಿಕೆ: ಭಾಷಣ ಮಾಡಿದವರು ಮರುದಿನ ಬೆಳಿಗ್ಗೆ ಯಾವುದಾದರೂ ಒಂದು ಸೆಮಿನಾರಿನಲ್ಲಿ, ತಮ್ಮದಲ್ಲದ ವಿಷಯದಲ್ಲಿ, ಕೊನೆಯ ಸಾಲಿನಲ್ಲಿ ಎರಡು ಗಂಟೆ ಕೂರಬೇಕು. ಮಾತಾಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಒಪ್ಪದವರು ಬರುವುದು ಬೇಡ.

ಇನ್ನೂ ಒಂದು ಕೊರತೆ ಇದೆ. ಈ ಊರಿನ ರೈತರು, ಮರಗೆಲಸದವರು, ಹಿಮ ಕುಸಿಯದಂತೆ ತಡೆಬೇಲಿ ಕಟ್ಟುವ ಕೆಲಸಗಾರರು ಸಭೆಯಲ್ಲಿ ಕಾಣುವುದು ಕಡಿಮೆ. ನಮಗೆ ರೂಮು ಕೊಡುವವರು ಅವರೇ, ಬೆಳಿಗ್ಗೆ ಕಾಫಿ ಕೊಡುವವರೂ ಅವರೇ. ನಮ್ಮ ಗುಂಪು ಅಪಾಯದ ಬಗ್ಗೆ ಅಷ್ಟು ದಿನ ಮಾತಾಡಿತು, ಆದರೆ ಇಳಿಜಾರಿನಲ್ಲಿ ಹುಟ್ಟಿ ಬೆಳೆದವರನ್ನು ಯಾರೂ ಕೋಣೆಗೆ ಕರೆಯಲಿಲ್ಲ. ವಿಷಯಗಳ ನಡುವಿನ ಗೋಡೆ ಒಡೆಯಬೇಕು ಅನ್ನುವ ಸಭೆ ಈ ಗೋಡೆಯನ್ನೂ ನೋಡಬೇಕು. ಕಷ್ಟವೇನಲ್ಲ, ಅವರ ಮನೆ ಇರೋದು ಐದು ನಿಮಿಷದ ದಾರಿಯಲ್ಲಿ, ನಡುವೆ ಭಾಷಾಂತರಕ್ಕೆ ಒಬ್ಬರಿದ್ದರೆ ಸಾಕು.

ನಿಮ್ಮಲ್ಲಿ ಯಾರಾದರೂ ಯುರೋಪಿನಲ್ಲಿ ಓದುತ್ತಿದ್ದರೆ, ವಯಸ್ಸು 30ರ ಒಳಗಿದ್ದರೆ, ಅರ್ಜಿ ಹಾಕಿ. ಎಂಜಿನಿಯರಿಂಗಿನವರು ತಮಗಲ್ಲ ಅಂತ ಬಿಟ್ಟುಬಿಡುತ್ತಾರೆ, ಸಾಹಿತ್ಯದವರು ಇದು ವಿಜ್ಞಾನದವರದ್ದು ಅಂದುಕೊಳ್ಳುತ್ತಾರೆ, ಇಬ್ಬರೂ ಹಾಕಿ. ಸಿಕ್ಕರೆ ಪೂರ್ತಿ ಅವಧಿಗೆ ಹೋಗಿ, ಎರಡು ದಿನಕ್ಕೆ ಬೇಡ. ಸೆಮಿನಾರು ಆರಿಸುವಾಗ ನಿಮಗೆ ಏನೂ ಗೊತ್ತಿಲ್ಲದ ವಿಷಯವನ್ನೇ ಮೊದಲು ನೋಡಿ. ಬೆಟ್ಟ ಹತ್ತುವ ಬೂಟು, ಮಳೆಗೆ ಒಂದು ಕೋಟು ಇಟ್ಟುಕೊಳ್ಳಿ, ಆಗಸ್ಟಿನಲ್ಲೂ ಸಂಜೆ ಥಂಡಿ ಇರುತ್ತದೆ. ಹೋಗುವ ಮೊದಲು ನಿಮ್ಮ ಸ್ವಂತ ವಿಷಯದಲ್ಲಿ ಎಲ್ಲರೂ ಒಪ್ಪಿಕೊಂಡು ಬಳಸುವ ಒಂದು ಸಂಖ್ಯೆಯನ್ನ ಹುಡುಕಿ ಬರೆದಿಟ್ಟುಕೊಳ್ಳಿ. ಔಷಧದ ಪರೀಕ್ಷೆಯಲ್ಲಿ ಶೇಕಡ 5ರ ಮಿತಿ ಅಂತಾರಲ್ಲ, ಅಂದರೆ ಔಷಧದಲ್ಲಿ ಗುಣವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಅಂಥ ಫಲಿತಾಂಶ ಬರುವ ಸಾಧ್ಯತೆ ಅಷ್ಟಕ್ಕಿಂತ ಕಡಿಮೆ ಇರಬೇಕು ಅನ್ನೋದು, ಅಂಥದ್ದು. ಅದು ಎಲ್ಲಿಂದ ಬಂತು, ಯಾರು ಇಟ್ಟರು ಅಂತ ಅಲ್ಲಿ ಯಾರಾದರೂ ಕೇಳಿದಾಗ ಹೇಳೋದಕ್ಕೆ ಬೇಕಾಗುತ್ತದೆ. ಯಾರೂ ಕೇಳದಿದ್ದರೆ ನೀವೇ ಮೇಜಿನ ಮೇಲೆ ಇಡಿ.